ದಣಿದ ಕೈಗೊಂದು ಬಿಲ್ಲು

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಮ್ಮ ಕಡೆ ಕೋವಿಗೆ ಮದ್ದು ಸಿಗುವುದು ನಿಂತುಹೋಯಿತು. ಸೀಮೆಎಣ್ಣೆಗೆ, ಬಟ್ಟೆಗೆ ರೇಷನ್ ಚೀಟಿಯಾದರೂ ಇತ್ತು. ಮದ್ದಿಗೆ ಅದೂ ಇಲ್ಲ. ಮೂಡಿಗೆರೆಗೆ ಎರಡು ಸಲ ನಡೆದು ಹೋಗಿ ಬಂದೆ. ಅಂಗಡಿಯವನು ಎರಡನೆಯ ಸಲ ನನ್ನನ್ನು ದೂರದಿಂದ ಕಂಡೇ ಇಲ್ಲವೆಂದು ತಲೆಯಾಡಿಸಿದ. ಅಪ್ಪನ ಕಾಲದ ಕೇಪಿನ ಕೋವಿ ಗೋಡೆಯ ಮೇಲೆ ಸುಮ್ಮನೆ ತೂಗಿಕೊಂಡಿತ್ತು.

ನಮ್ಮದು ಬಾಳೂರಿನ ಕೆಳಗೆ, ಹಳ್ಳದ ಬದಿಯಲ್ಲಿ ಎರಡು ಎಕರೆ ಗದ್ದೆ. ಮೇಲೆ ಬಿಳಿ ದೊರೆಯ ಕಾಫಿ ಎಸ್ಟೇಟು, ಅದರಾಚೆ ಕಾಡು. ಭತ್ತ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಹಂದಿಗಳು ಇಳಿಯುತ್ತಿದ್ದವು. ಅವು ತಿಂದದ್ದಕ್ಕಿಂತ ಉರುಳಾಡಿ ಕೆಡಿಸಿದ್ದೇ ಹೆಚ್ಚು. ಡಬ್ಬ ಬಡಿದೆವು, ಬೆಂಕಿ ಹಾಕಿದೆವು, ಹಳೆಯ ಕಂಬಳಿ ಹೊದಿಸಿ ಬೆರ್ಚಪ್ಪ ನಿಲ್ಲಿಸಿದೆವು. ವಾರದೊಳಗೆ ಹಂದಿಗಳಿಗೆ ಎಲ್ಲವೂ ಅಭ್ಯಾಸವಾಯಿತು.

ಆಗ ನನಗೆ ಮೂವತ್ತೈದು ವರ್ಷ. ನೋಡಿದವರು ಐವತ್ತು ಎನ್ನುತ್ತಿದ್ದರು. ಮೂರು ವರ್ಷದಿಂದ ಚಳಿಜ್ವರ ಬಿಟ್ಟಿರಲಿಲ್ಲ. ದಿನ ಬಿಟ್ಟು ದಿನ ಮಧ್ಯಾಹ್ನಕ್ಕೆ ಸರಿಯಾಗಿ ಹಲ್ಲು ಕಟಕಟಿಸುವಷ್ಟು ಚಳಿ ಬಂದು, ಸಂಜೆಗೆ ಬೆವರಿ ಇಳಿಯುತ್ತಿತ್ತು. ಎಡಪಕ್ಕೆಯ ಕೆಳಗೆ ಜ್ವರಗಡ್ಡೆ ಕೈಗೆ ಸಿಕ್ಕುವಷ್ಟು ಬೆಳೆದಿತ್ತು. ಕ್ವಿನೈನ್ ಗುಳಿಗೆ ಸಿಕ್ಕಾಗ ನುಂಗುತ್ತಿದ್ದೆ, ಕಿವಿ ಗುಂಯ್ ಎನ್ನುತ್ತಿತ್ತು. ಊರಲ್ಲಿ ಅರ್ಧ ಜನ ಹೀಗೇ ಇದ್ದರು. ಹಾಗಾಗಿ ಅದನ್ನು ಯಾರೂ ಕಾಯಿಲೆ ಎಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನಾನೂ ಹಿಡಿಯಲಿಲ್ಲ. ಮುಂದಿನದೆಲ್ಲ ಆದದ್ದು ಅದರಿಂದಲೇ.

ಆ ವರ್ಷ ಗದ್ದೆ ಕೆಲಸಕ್ಕೆಂದು ನನ್ನ ಹೆಂಡತಿಯ ತಮ್ಮ ಬಣಕಲ್ಲಿನಿಂದ ಬಂದು ನಮ್ಮಲ್ಲೇ ಉಳಿದಿದ್ದ. ಇಪ್ಪತ್ತೆಂಟರ ಗಟ್ಟಿ ಆಳು. ತಾಯಿ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ನನ್ನ ಹೆಂಡತಿಯೇ. ಬಿಲ್ಲಿನ ಮಾತು ತೆಗೆದವನು ಅವನು. ಎಸ್ಟೇಟಿನ ಮೇಲ್ಭಾಗದಲ್ಲಿ, ಕಾಡಿನ ಅಂಚಿಗೆ, ಬಿಲ್ಲು ಕಟ್ಟುವ ಹೆಂಗಸೊಬ್ಬಳು ಇದ್ದಾಳೆಂದು ಕೇಳಿ ಬಂದಿದ್ದ. ಒಂದು ಬೆಳಿಗ್ಗೆ ಇಬ್ಬರೂ ಹೊರಟೆವು.

ಆಕೆಗೆ ಐವತ್ತು ದಾಟಿತ್ತು. ಗಂಡ ಬಿಲ್ಲು ಕಟ್ಟುವುದರಲ್ಲಿ ಹೆಸರಾಗಿದ್ದವನು. ಅವನು ತೀರಿಕೊಂಡ ಮೇಲೆ ಆಕೆಯೇ ಆ ಕೆಲಸ ಹಿಡಿದಿದ್ದಳು. ನಾವು ಏದುಸಿರು ಬಿಡುತ್ತ ಅಂಗಳಕ್ಕೆ ಬಂದಾಗ ಬಿಲ್ಲಿನ ಹಿಡಿ ಕೆರೆಯುತ್ತ ಕೂತಿದ್ದವಳು ಎದ್ದಳು.

“ಕೂತ್ಕಳಿ ಗೌಡ್ರೇ. ಮೊದ್ಲು ಉಸಿರು ಇಳೀಲಿ,” ಎಂದು ಮಜ್ಜಿಗೆ ಕೊಟ್ಟಳು.

ನಾವು ಕುಡಿದು ಸುಧಾರಿಸಿಕೊಂಡ ಮೇಲೆ ಒಲೆಯ ಮೇಲಿನ ಹೊಗೆ ಹಿಡಿದ ಅಟ್ಟದಿಂದ ಮೂರು ಬಿಲ್ಲು ಇಳಿಸಿದಳು. ಒಂದು ಬಗನಿ ಮರದ್ದು, ನನ್ನಷ್ಟೇ ಎತ್ತರ, ನಡುವೆ ಮಣಿಕಟ್ಟಿನಷ್ಟು ದಪ್ಪ. ಇನ್ನೊಂದು ಬಿದಿರಿನದು, ಹಗುರ. ಅದು ಹಕ್ಕಿಗೆ ಸಾಕು, ಹಂದಿಗಲ್ಲ ಎಂದು ಆಕೆಯೇ ಪಕ್ಕಕ್ಕಿಟ್ಟಳು. ಮೂರನೆಯದೂ ಬಿದಿರಿನದೇ, ಆದರೆ ಗಿಡ್ಡ. ಹೊಡೆಯುವವನಿಗೆ ಬೆನ್ನು ತಿರುಗಿಸಿದ ಹಾಗೆ ಅದರ ಎರಡೂ ತುದಿಗಳು ಮುಂದಕ್ಕೆ ಬಾಗಿದ್ದವು. ನನಗೆ ನಗು ಬಂತು.

“ಇದೆಂತ ಅಕ್ಕ, ಒಣಗುವಾಗ ಸೊಟ್ಟಗಾಯ್ತಾ?”

“ಸೊಟ್ಟಗಾಗಿದ್ದಲ್ಲ, ಬೆಂಕಿಗೆ ಹಿಡ್ದು ಬಗ್ಗಿಸಿದ್ದು. ತುದಿ ಹೀಗಿದ್ರೆ ಎಳೆಯೋಕೆ ಶುರುವಿಗೆ ಬಿಗಿ, ಕೊನೇಲಿ ಮೆತ್ತಗೆ. ದಪ್ಪಂದು ಹಂಗಲ್ಲ. ಕೊನೇ ನಾಕು ಬೆರಳು ಎಳೆಯೋದ್ರಲ್ಲೇ ಜೀವ ತೆಗೀತದೆ.”

ನಾನು ಬಗನಿ ಬಿಲ್ಲನ್ನೇ ಎತ್ತಿಕೊಂಡೆ. ಬೆಳಗಿನ ಹೊತ್ತು, ಜ್ವರ ಇಲ್ಲದ ದಿನ, ಹೊಟ್ಟೆಗೆ ಮಜ್ಜಿಗೆ ಬಿದ್ದಿತ್ತು. ಒಂದು ಸಲ ಹುರಿಯನ್ನು ಕೆನ್ನೆಯವರೆಗೂ ಎಳೆದೆ. ತೋಳು ಸಣ್ಣಗೆ ನಡುಗಿದ್ದು ನನಗೆ ಗೊತ್ತಾಯಿತು. ಅವರಿಗೆ ಗೊತ್ತಾಗಲಿಲ್ಲ ಎಂದುಕೊಂಡೆ.

“ಭಾವ, ಗಿಡ್ಡದ್ದನ್ನೂ ಒಂದ್ಸಲ ಎಳೆದು ನೋಡಿ,” ಎಂದ ಭಾಮೈದ.

“ಹೊಡೆಯೋದು ಹಂದಿ ಮಾರಾಯ, ಗುಬ್ಬಿ ಅಲ್ಲ.”

ಹೆಂಗಸು, ಕೊಳ್ಳಲು ಬಂದವನ ಕೈ ತಡೆಯುವುದು ತನ್ನ ಕೆಲಸವಲ್ಲ ಎಂಬಂತೆ ಆರು ಬಾಣ ಆರಿಸಿ ಕಟ್ಟಿಕೊಟ್ಟಳು.

ಮನೆಯ ಹಿಂದೆ ಬಾಳೆದಿಂಡು ನೆಟ್ಟು ಅಭ್ಯಾಸ ಶುರು ಮಾಡಿದೆ. ಮೊದಲ ಮೂರು ಬಾಣ ಚೆನ್ನಾಗಿ ಹೋಗುತ್ತಿದ್ದವು. ನಾಲ್ಕನೆಯದರಿಂದ ಕೈ ಸೋಲುತ್ತಿತ್ತು. ಹುರಿ ಕೆನ್ನೆಗೆ ತಲುಪುವ ಮೊದಲೇ ಬೆರಳು ತಾವಾಗಿ ಬಿಟ್ಟುಬಿಡುತ್ತಿದ್ದವು, ಬಾಣ ಅಡ್ಡಡ್ಡ ಓಲಾಡಿ ಬೇಲಿಗೆ ಬೀಳುತ್ತಿತ್ತು. ಬಿಟ್ಟಾಗ ಬಿಲ್ಲು ಕೈಗೆ ಎಂಥ ಪೆಟ್ಟು ಕೊಡುತ್ತಿತ್ತೆಂದರೆ ಮೊಣಕೈವರೆಗೆ ಝುಮ್ಮೆನ್ನುತ್ತಿತ್ತು. ಭಾಮೈದ ನೋಡುತ್ತ ನಿಂತಿರುತ್ತಿದ್ದ. ಒಮ್ಮೆ, “ನಾನು ಹಿಡೀಲಾ ಭಾವ?” ಎಂದು ಕೇಳಿದ. ಗದ್ದೆ ನನ್ನದು, ಬಿಲ್ಲೂ ನನ್ನದೇ ಇರಲಿ ಎಂದು ಸಿಡುಕಿದೆ. ಆಮೇಲೆ ಅವನು ಕೇಳಲಿಲ್ಲ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಬೆಳಕು ಹರಿಯುವ ಹೊತ್ತಿಗೆ ಗದ್ದೆ ಬದುವಿನ ಮುಳ್ಳುಪೊದೆಯ ಹಿಂದೆ ಕಾದು ಕೂತಿದ್ದೆವು. ದೊಡ್ಡ ಒಂಟಿ ಗಂಡುಹಂದಿಯೊಂದು ಹೊಟ್ಟೆ ತುಂಬಿಸಿಕೊಂಡು ನಿಧಾನವಾಗಿ ಕಾಡಿನ ಕಡೆಗೆ ಹೊರಟಿತ್ತು. ಹದಿನೈದು ಹೆಜ್ಜೆಯಿದ್ದೀತು. ಚಳಿಯಲ್ಲಿ ಕೂತು ಕೂತು ನನ್ನ ಹೆಗಲು ಮರಗಟ್ಟಿತ್ತು. ಎದ್ದು ಎಳೆದೆ, ಮುಕ್ಕಾಲು ಪಾಲು ಬಂತು, ಅಲ್ಲಿಂದ ಮುಂದೆ ಬಿಲ್ಲು ಕಲ್ಲಾಯಿತು. ಬಿಡಬಾರದು ಎಂದು ಅನಿಸಿದ್ದು ನೆನಪಿದೆ. ಆದರೆ ಅಷ್ಟರಲ್ಲಿ ಬಿಟ್ಟಾಗಿತ್ತು.

ಬಾಣ ಹಂದಿಯ ಹಿಂದೊಡೆಗೆ ನಾಟಿತು. ಅದು ಕಿರುಚಿದ ಸದ್ದಿಗೆ ನನ್ನ ಹೆಂಡತಿ ಮನೆಯಿಂದ ಹೊರಗೆ ಬಂದಳಂತೆ.

ಗಾಯಗೊಂಡ ಹಂದಿಯನ್ನು ಹಾಗೇ ಬಿಡುವಂತಿಲ್ಲ. ಎಸ್ಟೇಟಿನ ಆಳುಗಳು ದಿನಾ ಓಡಾಡುವ ದಾರಿ ಅದು. ರಕ್ತದ ಜಾಡು ಹಿಡಿದು ಹೊರಟೆವು. ಬಿಸಿಲೇರಿತು, ಹಳ್ಳ ದಾಟಿದೆವು, ರಕ್ತ ಕಡಿಮೆಯಾಗುತ್ತ ಬಂತು. ಮಧ್ಯಾಹ್ನವಾಗುತ್ತಿದ್ದಂತೆ ನನಗೆ ಬೆನ್ನೊಳಗಿಂದ ಚಳಿ ಎದ್ದಿತು. ಒಂದು ಮರದ ಬುಡಕ್ಕೆ ಒರಗಿ ಕೂತೆ, ಹಲ್ಲು ಕಟಕಟಿಸತೊಡಗಿತು.

“ನೀವು ಇಲ್ಲೇ ಇರಿ ಭಾವ. ನಾನು ಆ ಲಂಟಾನದ ಮೆಳೆವರೆಗೆ ನೋಡ್ಕಂಡು ಬರ್ತೀನಿ,” ಎಂದು ಅವನು ಕತ್ತಿ ಹಿಡಿದು ಹೋದ.

ಬೇಡ ಎನ್ನಬೇಕಿತ್ತು. ಬಾಯಿ ತೆರೆಯಲೂ ಆಗದಷ್ಟು ನಡುಕ. ಸ್ವಲ್ಪ ಹೊತ್ತಿಗೆ ಪೊದೆ ಮುರಿದ ಸದ್ದು, ಅವನ ಕೂಗು. ನಾನು ಬಿದ್ದು ಎದ್ದು ಹೋಗುವಷ್ಟರಲ್ಲಿ ಹಂದಿ ಇರಲಿಲ್ಲ. ಅವನು ಎರಡೂ ಕೈಯಿಂದ ತೊಡೆ ಅದುಮಿ ಹಿಡಿದು ಕೂತಿದ್ದ, ಬೆರಳ ಸಂದಿಯಿಂದ ರಕ್ತ ಬರುತ್ತಿತ್ತು. ನನ್ನ ಪಂಚೆ ಹರಿದು ಬಿಗಿದು ಕಟ್ಟಿದೆ. ಕೂಗಿ ಕೂಗಿ ನನ್ನ ಗಂಟಲು ಹೋಯಿತು. ಕೊನೆಗೆ ಎಸ್ಟೇಟಿನ ನಾಲ್ಕು ಜನ ಓಡಿ ಬಂದು, ಕಂಬಳಿಯನ್ನು ಗಳಕ್ಕೆ ಜೋಲಿ ಕಟ್ಟಿ ಅವನನ್ನು ಹೊತ್ತರು. ನಾನು ಬರಿಗೈಲಿ ಹಿಂದೆ ನಡೆದೆ. ಹೊರುವ ಶಕ್ತಿ ಇರಲಿಲ್ಲ.

ಎಸ್ಟೇಟಿನ ಆಸ್ಪತ್ರೆಯ ಕಾಂಪೌಂಡರು ಹೊಲಿಗೆ ಹಾಕಿದರು. “ಕೋರೆ ಇನ್ನೊಂದು ಬೆರಳು ಒಳಗೆ ಹೋಗಿದ್ರೆ ನೀವು ಇಲ್ಲಿಗೆ ತರಬೇಕಾಗಿರಲಿಲ್ಲ,” ಎಂದರು. ಜೀವ ಉಳಿಯಿತು. ತೊಡೆಯ ಸ್ನಾಯು ಕೂಡಿಕೊಂಡಿತು, ಆದರೆ ಸರಿಯಾಗಿ ಕೂಡಲಿಲ್ಲ. ಆ ಕಾಲನ್ನು ಮತ್ತೆ ಪೂರಾ ಮಡಿಸಲಾಗಲಿಲ್ಲ. ನಾಲ್ಕು ದಿನದ ಮೇಲೆ ರಣಹದ್ದು ಇಳಿದ ಜಾಗದಲ್ಲಿ ಹಂದಿಯೂ ಸಿಕ್ಕಿತು, ಯಾರ ಉಪಯೋಗಕ್ಕೂ ಬಾರದ ಹಾಗೆ ಕೊಳೆತು.

ಹೆಂಡತಿ ಕೂಗಾಡಲಿಲ್ಲ. ತಮ್ಮನ ಗಾಯಕ್ಕೆ ಬಟ್ಟೆ ಬದಲಾಯಿಸುತ್ತ, ನನ್ನ ಕಡೆ ನೋಡದೆ ಒಂದೇ ಮಾತು ಕೇಳಿದಳು. “ನನ್ ಕೈಲಾಗಲ್ಲ ಅಂತ ಒಂದ್ಸಲ ಹೇಳಿದ್ರೆ ನಿಮ್ದೇನು ಕಮ್ಮಿ ಆಗ್ತಿತ್ತು?”

ನಾನು ರಕ್ತದ ಬಟ್ಟೆ ಎತ್ತಿಕೊಂಡು ತೊಳೆಯಲು ಹಳ್ಳದ ಕಡೆ ನಡೆದೆ.

ಗದ್ದೆಯಲ್ಲಿ ಉಳಿದಷ್ಟನ್ನು ಕೊಯ್ದು ಒಳಗೆ ತಂದ ಮೇಲೆ ಒಬ್ಬನೇ ಮತ್ತೆ ಮೇಲಕ್ಕೆ ಹತ್ತಿದೆ. ನಾಲ್ಕು ಕಡೆ ಕೂತು ಕೂತು ಹೋಗಬೇಕಾಯಿತು. ಬಿಲ್ಲನ್ನು ಹಿಂದಕ್ಕೆ ಕೊಟ್ಟು ಬರೋಣ ಎಂದೇ ಹೋದದ್ದು. ಹೆಂಗಸಿಗೆ ಆಗಲೇ ಸುದ್ದಿ ಗೊತ್ತಿತ್ತು. ಈ ಸಲ ಮಜ್ಜಿಗೆ ಕೊಡಲಿಲ್ಲ, ಕೂರಲೂ ಬಿಡಲಿಲ್ಲ. ಒಳಗಿಂದ ತುದಿ ಬಾಗಿದ ಬಿಲ್ಲನ್ನು ತಂದು ನನ್ನ ಕೈಗಿಟ್ಟಳು.

“ಎಳೀರಿ.”

“ತಡಿ ಅಕ್ಕ, ಉಸಿರೇ ಇನ್ನೂ ಇಳ್ದಿಲ್ಲ.”

“ಅದಕ್ಕೇ ಈಗ್ಲೇ ಎಳೀರಿ. ಅವತ್ತು ನಿಮ್ಮನ್ನ ಕೂರಿಸಿ ಸುಧಾರಿಸಿದ್ದು ನಂದೇ ತಪ್ಪು. ಹಂದಿ ನಿಮಗೆ ಮಜ್ಜಿಗೆ ಕೊಡ್ತದಾ?”

ಎಳೆದೆ. ಮೊದಲಿಗೆ ಗಟ್ಟಿಯೆನಿಸಿತು. ಅರ್ಧ ದಾಟಿದ ಮೇಲೆ ಬಾಗಿದ ತುದಿಗಳು ಬಿಚ್ಚಿಕೊಂಡ ಹಾಗಾಗಿ ಹುರಿ ತಾನೇ ಕೆನ್ನೆಯ ಹತ್ತಿರ ಬಂತು. “ಹಂಗೇ ಇರಿ,” ಎಂದಳು. ಇದ್ದೆ. “ಕಣ್ಣು ಮುಚ್ಚಿ.” ಮುಚ್ಚಿದೆ. ನಾಲ್ಕು ಉಸಿರು ಎಣಿಸಿ, ಮೆಲ್ಲಗೆ ಇಳಿಸಲು ಹೇಳಿದಳು. ಐದು ಸಲ ಹಾಗೆ ಮಾಡಿಸಿದಳು. ಐದನೆಯ ಸಲ ತೋಳು ಸ್ವಲ್ಪ ನಡುಗಿತು. ಆಕೆ ಬಿಲ್ಲು ಇಸಿದುಕೊಂಡು, ಆಕಾಶದ ಬೆಳಕಿಗೆ ಹಿಡಿದು, ಅದರ ಎರಡೂ ತೋಳು ಒಂದೇ ಸಮ ಬಗ್ಗುತ್ತವೆಯೇ, ಹುರಿ ಎರಡೂ ತುದಿಯ ನಡುಮಧ್ಯೆ ಕೂರುತ್ತದೆಯೇ ಎಂದು ನೋಡಿದಳು. ಗಾಜಿನ ಚೂರಿನಿಂದ ಒಳಮೈಯನ್ನು ಅಲ್ಲಲ್ಲಿ ಕೆರೆದು ಇನ್ನಷ್ಟು ಸಡಿಲ ಮಾಡಿದಳು. ಹುರಿಯ ಸದ್ದಿಗೆ ಹಂದಿ ಬೆದರಬಾರದೆಂದು ಎರಡು ಕಡೆ ಕಂಬಳಿಯ ಉಣ್ಣೆ ಸುತ್ತಿದಳು. ಮತ್ತೆ ಎಳೆಸಿದಳು. ಈ ಸಲ ಐದಕ್ಕೂ ಕೈ ನಿಂತಿತು.

ಹಳೆಯ ಬಾಣಗಳೇ ಸಾಕೆಂದರೆ ಒಪ್ಪಲಿಲ್ಲ. ದಪ್ಪ ಬಿಲ್ಲಿನ ಬಾಣ ಇದಕ್ಕೆ ತೀರ ಗಡುಸು, ಗುರಿ ಬಿಟ್ಟು ಪಕ್ಕಕ್ಕೆ ಹೋಗುತ್ತದೆ ಎಂದು, ವಾಟೆ ಬಿದಿರಿನ ಸಣ್ಣ ಬಾಣಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿ ಆರಿಸಿಕೊಟ್ಟಳು. ಹೊರಡುವಾಗ, “ಹತ್ತು ಹೆಜ್ಜೆ ಒಳಗೆ ಬಂದ್ರೆ ಹೊಡೀರಿ. ಹನ್ನೊಂದಾದ್ರೆ ಬಿಟ್ಬಿಡಿ,” ಎಂದಳು. ಬಗನಿ ಬಿಲ್ಲನ್ನು ತಿರುಗಿ ಅಟ್ಟಕ್ಕೇರಿಸಿದಳು. ಯಾರಿಗೋ ಸರಿಹೊಂದುತ್ತದೆ ಎಂದಳು. ಅದರ ಮೇಲೆ ಆಕೆಗೆ ಸಿಟ್ಟಿರಲಿಲ್ಲ.

ಮುಂದಿನ ಫಸಲಿನವರೆಗೆ, ಜ್ವರವಿಲ್ಲದ ದಿನಗಳಲ್ಲಿ ಹತ್ತೇ ಬಾಣ. ಹತ್ತಾದ ಮೇಲೆ ಎಷ್ಟೇ ಆಸೆಯಾದರೂ ನಿಲ್ಲಿಸುತ್ತಿದ್ದೆ. ಭಾಮೈದ ಬಣಕಲ್ಲಿಗೆ ಹಿಂತಿರುಗಿರಲಿಲ್ಲ, ನಡೆಯಲು ಕಲಿಯುತ್ತಿದ್ದ. ಜಗಲಿಯಲ್ಲಿ ಕಾಲು ಚಾಚಿ ಕೂತು, “ಮೊಣಕೈ ಇಳೀತು ಭಾವ,” “ಬಿಟ್ಟ ಮೇಲೆ ಕೈ ಅಲ್ಲೇ ಇರ್ಲಿ,” ಎಂದು ಹೇಳುತ್ತಿದ್ದ. ತನ್ನ ಕಾಲಿನ ಬಗ್ಗೆ ಒಂದು ದಿನವೂ ಎತ್ತಿ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

ಮತ್ತೆ ಭತ್ತ ಹಾಲುಗಟ್ಟಿತು. ಬೆಳಗಿನ ಹೊತ್ತು ಬದುವಿನಲ್ಲಿ ಒಬ್ಬನೇ ಕೂತೆ. ಮೊದಲ ದಿನ ಮರಿಗಳ ಜೊತೆ ಒಂದು ಹೆಣ್ಣುಹಂದಿ ಬಂತು, ಹೊಡೆಯಲಿಲ್ಲ. ಆಮೇಲೊಂದು ದಿನ ಗಂಡುಹಂದಿ ಹನ್ನೆರಡು ಹೆಜ್ಜೆಯಲ್ಲಿ ನಿಂತು ನನ್ನನ್ನೇ ನೋಡಿ ಹೋಯಿತು. ಐದನೆಯ ಬೆಳಿಗ್ಗೆ ಅದೇ ಇರಬೇಕು, ಒಂಬತ್ತು ಹೆಜ್ಜೆಯಲ್ಲಿ ಅಡ್ಡ ತಿರುಗಿ ನಿಂತಿತು. ಎದ್ದೆ, ಎಳೆದೆ, ಹುರಿ ಕೆನ್ನೆಗೆ ಬಂದು ನಿಂತಿತು. ಬಿಟ್ಟದ್ದು ನಾನು, ಬೆರಳಲ್ಲ. ಬಾಣ ಮುಂಗಾಲಿನ ಹಿಂದೆ ಹೊಕ್ಕಿತು. ಹಂದಿ ಹಳ್ಳದ ತನಕವೂ ಹೋಗದೆ ಬಿತ್ತು.

ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಬದುವಿನ ಮೇಲೆ ಕುಸಿದು ಕೂತೆ, ಎಷ್ಟೋ ಹೊತ್ತು ಏಳಲಾಗಲಿಲ್ಲ. ಭಾಮೈದ ಕೋಲೂರಿಕೊಂಡು ಬಂದ.

“ಕೈ ನಡುಗ್ತಾ ಭಾವ?”

“ಇಲ್ಲ.”

“ಮತ್ತೆಂತಕ್ಕೆ ಹೀಗೆ ಕೂತಿದೀರಿ?”

“ಸಾಕಾಯ್ತು ಮಾರಾಯ. ಇನ್ನು ನನ್ ಕೈಲಾಗಲ್ಲ.”

ಒಂದು ವರ್ಷ ತಡವಾಗಿ ಆ ಮಾತು ಬಂತು. ಅವನು ಪಕ್ಕದಲ್ಲಿ ಕಷ್ಟಪಟ್ಟು ಕೂತು, ಬಿಲ್ಲನ್ನು ತೆಗೆದುಕೊಂಡು ಕೂತಲ್ಲಿಂದಲೇ ಎಳೆದು ನೋಡಿದ. ಗಿಡ್ಡ ಬಿಲ್ಲಾದ್ದರಿಂದ ಕೆಳತುದಿ ನೆಲಕ್ಕೆ ತಾಗಲಿಲ್ಲ. ಕೋಲಿಲ್ಲದೆ ನಿಲ್ಲಲಾರದವನಿಗೆ ಅದು ಅಳತೆ ತೆಗೆದು ಮಾಡಿದ ಹಾಗಿತ್ತು. ಆ ಫಸಲಿನ ಉಳಿದ ಬೆಳಗುಗಳನ್ನೆಲ್ಲ ಅವನೇ ಕಾದ. ಇನ್ನೆರಡು ಹಂದಿ ಹೊಡೆದ, ಎರಡೂ ಒಂದೊಂದೇ ಬಾಣಕ್ಕೆ. ಅವನು ನನಗಿಂತ ಒಳ್ಳೆಯ ಗುರಿಕಾರನೆಂದು ಆಗ ತಿಳಿಯಿತು. ಮೊದಲೇ ತಿಳಿಯಬಹುದಿತ್ತು, ಅವನು ಕೇಳಿದ ದಿನವೇ.

ಕೊಯ್ಲು ಮುಗಿದ ಮೇಲೆ ಅವನು ಬಣಕಲ್ಲಿಗೆ ಹೊರಟ. ಬಿಲ್ಲನ್ನು ತೆಗೆದುಕೊಂಡು ಹೋಗು ಎಂದೆ. ಹೆಂಡತಿ ಹುರಿ ಬಿಚ್ಚಿ, ಬಿಲ್ಲನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಟ್ಟಳು. ಪೆಟ್ರೋಲು ಇಲ್ಲದ ಕಾಲ. ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಕಂಡಕ್ಟರು ಸೀರೆಯ ಗಂಟನ್ನು ಮುಟ್ಟಿ ನೋಡಿ, ಏನೆಂದು ಕೇಳಿ, ಟಾಪಿನ ಮೇಲೆ ಹಾಕಿಸಿದ. ನಮ್ಮ ಕಣ್ಣೆದುರಿನ ಮೊದಲ ಏರಿನಲ್ಲೇ ಬಸ್ಸು ಉಸಿರುಗಟ್ಟಿ ನಿಂತಿತು. ಎಲ್ಲರೂ ಇಳಿದು ತಳ್ಳಿ ಎಂದ ಕಂಡಕ್ಟರು. ಎಲ್ಲರೂ ಇಳಿದರು; ಭಾಮೈದ ಮಾತ್ರ ಕಾಲು ಚಾಚಿಕೊಂಡು ಒಳಗೇ ಕೂತಿದ್ದ, ಕಿಟಕಿಯಿಂದ ನಮ್ಮನ್ನು ನೋಡಿ ಸಂಕೋಚದಿಂದ ನಗುತ್ತ. ಬೀಳ್ಕೊಡಲು ಬಂದಿದ್ದ ನಾನೂ ಹೋಗಿ ಹಿಂದಿನಿಂದ ಕೈ ಕೊಟ್ಟೆ. ಏರಿನ ತುದಿಯಲ್ಲಿ ಬಸ್ಸಿನ ಇಂಜಿನ್ನು ಕೆಮ್ಮಿ ಚಾಲೂ ಆಯಿತು. ಜನ ಓಡಿ ಹತ್ತಿದರು. ನಾನು ಮೈಲಿಗಲ್ಲಿನ ಮೇಲೆ ಕೂತು, ಹೊಗೆ ತಿರುವಿನಾಚೆ ಹೋಗುವವರೆಗೂ ದಣಿವಾರಿಸಿಕೊಂಡೆ.