ಅವ್ವ ಮಾತಾಡುತ್ತಿದ್ದ ಮನೆ

ಹತ್ತನೇ ತರಗತಿಯಲ್ಲಿ ನಾನು ಕನ್ನಡದಲ್ಲಿ ನಪಾಸಾದೆ. ಗಣಿತದಲ್ಲಿ ಪಾಸಾದ ಹುಡುಗಿ ಮನೆಮಾತಿನಲ್ಲೇ ಕೂತಳಲ್ಲ ಎಂದು ಓಣಿಯವರು ನಕ್ಕರು. ಆ ಮನೆಯಲ್ಲಿ ಮಾತು ಎಷ್ಟಿತ್ತು ಎಂದು ಯಾರೂ ಕೇಳಲಿಲ್ಲ.

ಬೆಟಗೇರಿಯಲ್ಲಿ ನಮ್ಮ ಮನೆ ಪವರ್‌ಲೂಮ್ ಶೆಡ್ಡಿನ ಗೋಡೆಗೆ ಹತ್ತಿಕೊಂಡಿತ್ತು. ಅಪ್ಪ ಅದೇ ಶೆಡ್ಡಿನಲ್ಲಿ ನೇಯುತ್ತಿದ್ದ. ಮಗ್ಗಗಳ ಸದ್ದಿಗೆ ಅವನ ಕಿವಿ ಮಂದವಾಗಿತ್ತು. ಕೇಳಿಸದವನಿಗೆ ಮಾತಾಡುವ ಉಮೇದೂ ಉಳಿದಿರಲಿಲ್ಲ. ನನಗೆ ಮೂರು ವರ್ಷವಾದಾಗ ಅವ್ವ ಗದಗಿನ ಒಬ್ಬ ಡಾಕ್ಟರ ಮನೆಗೆ ಕೂಸು ಆಡಿಸುವ ಕೆಲಸಕ್ಕೆ ಸೇರಿದಳು. ಗಂಡ ಹೆಂಡತಿ ಇಬ್ಬರೂ ಡಾಕ್ಟರು. ಅವರ ಮಗಳಿಗೆ ಆಗ ಆರು ತಿಂಗಳು. ಅವ್ವ ಬೆಳಿಗ್ಗೆ ಏಳಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಅಲ್ಲಿಯವರೆಗೆ ನಾನು ಅಪ್ಪನ ಮಗ್ಗದ ಪಕ್ಕ ನೂಲಿನ ಚೀಲಗಳ ಮೇಲೆ ಕೂತಿರುತ್ತಿದ್ದೆ. ಅಪ್ಪ ಕೈ ಬಾಯಿಗೆ ಒಯ್ದರೆ ಉಣ್ಣಬೇಕು, ಅಂಗೈ ಅಡ್ಡ ಹಿಡಿದರೆ ಮುಂದೆ ಬರಬಾರದು. ಶಾಲೆ ಸೇರುವವರೆಗೆ ನನ್ನ ಬಹುಪಾಲು ವ್ಯವಹಾರ ಇಷ್ಟರಲ್ಲೇ ಮುಗಿಯುತ್ತಿತ್ತು.

ಅವ್ವ ಬಂದ ಮೇಲೆ ಉಂಡಿಯಾ ಎಂದು ಕೇಳುತ್ತಿದ್ದಳು, ಕಾಲು ತೊಳಿ ಅನ್ನುತ್ತಿದ್ದಳು, ಮಲಕೋ ಅನ್ನುತ್ತಿದ್ದಳು. ಎಲ್ಲ ಅವ್ವಂದಿರೂ ಹೀಗೇ ಇರುತ್ತಾರೆಂದು ನಾನು ತಿಳಿದಿದ್ದೆ. ಹೋಲಿಸಿ ದೂರಲು ಬೇರೇನೂ ಗೊತ್ತಿರಲಿಲ್ಲ.

ಶಾಲೆಯಲ್ಲಿ ಅಕ್ಷರ ಬೇಗ ಬಂದವು. ಗಟ್ಟಿಯಾಗಿ ಓದು ಅಂದರೆ ಓದುತ್ತಿದ್ದೆ. ಓದಿದ್ದು ಏನು ಎಂದರೆ ಮಾತ್ರ ಗೋಡೆ ನೋಡುತ್ತಿದ್ದೆ. ಒಮ್ಮೆ ಕಲಿಸುವ ಬಾಯಾರು, ಶಾಲೆಗೆ ಬರುವ ದಾರಿಯಲ್ಲಿ ಏನೇನು ಕಂಡಿರಿ ಎಂದು ಒಬ್ಬೊಬ್ಬರನ್ನೇ ಕೇಳಿದರು. ಹುಡುಗಿಯರು ಎಮ್ಮೆ, ಜಗಳ, ಪಂಕ್ಚರ್ ಆದ ಟಂಟಂ ಎಂದು ಒಂದೊಂದು ಕತೆಯನ್ನೇ ಕಟ್ಟಿದರು. ನಾನೂ ಅವನ್ನೆಲ್ಲ ನೋಡಿದ್ದೆ. ನನ್ನ ಬಾಯಿಂದ ಬಂದದ್ದು ‘ಕಂಡೆ’ ಎಂಬ ಒಂದೇ ಶಬ್ದ. ಬಾಯಾರು ನನ್ನನ್ನು ಹಿಂದಿನ ಸಾಲಿಗೆ ಕಳಿಸಿದರು. ಮುಂದೆ ಯಾವ ತರಗತಿಯಲ್ಲೂ ಆ ಸಾಲು ನನಗೆ ತಪ್ಪಲಿಲ್ಲ.

ಎರಡನೇ ತರಗತಿಯ ದಸರಾ ರಜೆಯಲ್ಲಿ ಅಪ್ಪ ಯಾವುದೋ ಕೆಲಸಕ್ಕೆ ಲಕ್ಷ್ಮೇಶ್ವರಕ್ಕೆ ಹೋದ. ನನ್ನನ್ನು ಬಿಡಲು ಜಾಗವಿಲ್ಲದೆ ಅವ್ವ ಡಾಕ್ಟರ ಮನೆಗೆ ಕರೆದುಕೊಂಡು ಹೋದಳು. ಹಿತ್ತಲ ಕಟ್ಟೆಯ ಮೇಲೆ ಕೂತು ಅವಳು ಹೀರೇಕಾಯಿ ಹೆರೆಯುತ್ತಿದ್ದಳು. ಆ ಮನೆಯ ಹುಡುಗಿಗೆ ಆಗ ನಾಲ್ಕರ ಆಸುಪಾಸು. ಅವ್ವನ ಮೊಣಕಾಲಿಗೆ ಒರಗಿ ನಿಂತಿದ್ದಳು. ಅವ್ವ ಮಾತಾಡುತ್ತಿದ್ದಳು.

ಅದು ನಾನೆಂದೂ ಕೇಳಿರದ ದನಿ. ಅವ್ವನ ತವರು ಮುಂಡರಗಿಯ ಆಚೆ, ಕಪ್ಪತಗುಡ್ಡದ ಬುಡದ ಒಂದು ಹಳ್ಳಿ. ಅಲ್ಲಿಯ ನವಿಲು, ಮಳೆಗಾಲದಲ್ಲಿ ಗುಡ್ಡಕ್ಕೆ ಬರುವ ಬಣ್ಣ, ಬೇರು ಅಗೆಯಲು ಹೋಗಿ ದಾರಿ ತಪ್ಪಿದ ಅವಳ ಅಜ್ಜ, ಎಲ್ಲವೂ ಆ ಕಟ್ಟೆಯ ಮೇಲೆ ಬಂದು ಹೋದವು. ನಡುನಡುವೆ ಹುಡುಗಿಯನ್ನು ಕೇಳುತ್ತಿದ್ದಳು, ಉತ್ತರ ಬರುವವರೆಗೆ ಕೈ ನಿಲ್ಲಿಸಿ ಕಾಯುತ್ತಿದ್ದಳು. ಹುಡುಗಿ ತೊದಲಿ ಏನೋ ಅಂದರೆ ಆ ತೊದಲಿಗೇ ಇನ್ನೆರಡು ಮಾತು ಸೇರಿಸಿ ಮರಳಿ ಕೊಡುತ್ತಿದ್ದಳು.

“ಈ ಹೀರೀಕಾಯಿ ಮೈಮ್ಯಾಲೆ ಗೆರಿ ಯಾಕ ಬಂದಾವು, ಹೇಳ ನೋಡೂಣು?” ಎಂದಳು.

ಹುಡುಗಿ ಯೋಚಿಸುತ್ತಿದ್ದಳು. ನನಗೆ ಒಂದು ಉತ್ತರ ಹೊಳೆಯಿತು. ನನಗೆ ತಿಳಿದಂತೆ, ನಾನಾಗಿ ಕಟ್ಟಿದ ಮೊದಲ ವಾಕ್ಯ ಅದು.

“ಬಳ್ಳಿ ಬಿಗಿಯಾಗಿ ಅಪ್ಪಿಕೊಂಡಿತ್ತು, ಅದಕ್ಕ,” ಎಂದೆ.

ಅವ್ವ ತಿರುಗಿ ನೋಡಿದಳು. “ನೀ ಸುಮ್ಮ ಕುಂಡ್ರು. ಕೂಸು ಹೇಳಾಕತ್ತೈತಿ.”

ಬೈದಂತೇನೂ ಇರಲಿಲ್ಲ. ಮೆಲ್ಲಗೇ ಅಂದಳು. ನಾನು ಸುಮ್ಮನೆ ಕೂತೆ, ಮತ್ತು ಅದನ್ನು ಚೆನ್ನಾಗಿ ಕಲಿತೆ.

ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ‘ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂದಿತ್ತು. ಬಾಯಿಪಾಠ ಮಾಡಿದ್ದನ್ನೆಲ್ಲ ಇಳಿಸಿದ್ದೆ. ನನ್ನ ಮಾತು ಎಂಬುದು ಬಂದಲ್ಲೆಲ್ಲ ಹಾಳೆ ಖಾಲಿ ಉಳಿಯಿತು. ಎರಡನೆಯ ಸಲ ಹೇಗೋ ಪಾಸಾದೆ. ಈಗ ಇದನ್ನು ಬರೆಯುತ್ತಿರುವ ಶಬ್ದಗಳೆಲ್ಲ ನಾನು ಇಪ್ಪತ್ತು ದಾಟಿದ ಮೇಲೆ ಪುಸ್ತಕಗಳಿಂದ ಹೆಕ್ಕಿ ತಂದದ್ದು. ಇವತ್ತಿಗೂ ನಾಲ್ಕು ಜನರೆದುರು ನಿಂತರೆ ಬಾಯಿಗೆ ಬರುವುದಿಲ್ಲ.

ಮದುವೆಯಾಗಿ ಹರ್ತಿಗೆ ಬಂದೆ, ಅಲ್ಲೇ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು. ಶಿರಹಟ್ಟಿಯಲ್ಲಿ ಒಂದು ತರಬೇತಿ ಇಟ್ಟಿದ್ದರು. ಕಲಿಸಲು ಬಂದ ಹೆಣ್ಣುಮಗಳು, ಮಗುವಿನ ಕೂಡ ದಿನದ ಕೆಲಸ ಮಾಡುತ್ತಲೇ ಮಾತಾಡಬೇಕು, ಪ್ರಶ್ನೆ ಕೇಳಿ ಕಾಯಬೇಕು, ಅದು ಅಂದದ್ದಕ್ಕೆ ಇನ್ನೊಂದಿಷ್ಟು ಸೇರಿಸಿ ಹೇಳಬೇಕು, ಮುಂದೆ ಶಾಲೆಯಲ್ಲಿ ತಿಳಿಯುವುದೆಲ್ಲ ಇದರ ಮೇಲೆಯೇ ನಿಲ್ಲುತ್ತದೆ ಎಂದು ವಿವರಿಸಿದಳು. ಸುತ್ತಲಿನವರು ಬರೆದುಕೊಂಡರು. ನಾನು ಪೆನ್ನು ಮುಚ್ಚಿಟ್ಟೆ. ಇಷ್ಟನ್ನೂ ಯಾವ ತರಬೇತಿಯೂ ಇಲ್ಲದೆ ಬಲ್ಲ ಒಬ್ಬಳನ್ನು ನಾನು ಹಿತ್ತಲ ಕಟ್ಟೆಯ ಮೇಲೆ ಕಣ್ಣಾರೆ ನೋಡಿದ್ದೆ. ಅವ್ವನಿಗೆ ಇದು ಬರದೇ ಇದ್ದಿದ್ದರೆ ಕ್ಷಮಿಸಬಹುದಿತ್ತು.

ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮಲ್ಲಿಗೆ ಬಂದಳು. ಹೋದ ವರ್ಷ ಡಾಕ್ಟರ ಮಗಳು ತನ್ನ ಮದುವೆಗೆ ಕರೆಯಲು ಹರ್ತಿಯವರೆಗೂ ಬಂದಿದ್ದಳು. ಈಗ ವಕೀಲೆ. ಜೋಳ ಹಸನು ಮಾಡುತ್ತಿದ್ದ ಅವ್ವನ ಪಕ್ಕ ನೆಲಕ್ಕೇ ಕೂತು ಒಂದು ತಾಸು ಹರಟಿದಳು. ಅವಳು ಮಾತು ಎಳೆಯುವ ರೀತಿ, ನಡುವೆ ತಡೆದು ಕೇಳುವವರ ಮುಖ ನೋಡುವ ರೀತಿ, ಎಲ್ಲ ಅವ್ವನದು. ನಾನು ಚಹಾ ತಂದಿಟ್ಟೆ.

“ಕೋರ್ಟಿನ್ಯಾಗ ನಿಂತು ಮಾತಾಡೂದು ಈಕಿ ಕೊಟ್ಟ ವಿದ್ಯಾ ನೋಡ್ರಿ,” ಎಂದು ಆ ಹುಡುಗಿ ನನ್ನ ಕಡೆ ತಿರುಗಿದಳು. “ನಿಮ್ಮ ಪುಣ್ಯ ದೊಡ್ಡದು. ನನಗ ಹಗಲಷ್ಟ ಸಿಕ್ಕಾಳ, ನೀವು ಜೀವಮಾನ ಕೇಳೀರಿ.”

ಅವ್ವ ಬಸಿಯಲ್ಲಿದ್ದ ಚಹಾ ನೋಡುತ್ತಿದ್ದಳು. ನಾನು, ಹೌದ್ರಿ, ಎಂದೆ.

ಅವಳು ಹೋದ ಮೇಲೆ ಕೇಳಿಬಿಟ್ಟೆ. ನನ್ನ ಕೂಡ ಯಾಕೆ ಮಾತಾಡಲಿಲ್ಲ ಎಂದು. ಇಷ್ಟು ವರ್ಷ ಮನಸ್ಸಿನಲ್ಲಿ ತಿದ್ದಿ ತೀಡಿದ ಪ್ರಶ್ನೆ, ಹೊರಗೆ ಬಂದಾಗ ನಾಲ್ಕೇ ಶಬ್ದ.

ಅವ್ವ ಜೋಳದ ಮೊರ ಹತ್ತಿರ ಎಳೆದುಕೊಂಡಳು. “ಅಲ್ಲೆ ಮಾತಾಡೂದ ಕೆಲಸ ಇತ್ತು. ಕೂಸಿನ ಬಾಯಿ ಬಿಡಸು ಅಂತ ಆ ಡಾಕ್ಟರ ಬಾಯಾರು ಮೊದಲನೇ ದಿನಾನ ಹೇಳಿದ್ರು. ಮನೀಗೆ ಬರೂದ್ರಾಗ ನನ್ನ ಬಾಯಿ ಸೋತಿರತಿತ್ತು.” ಮೊರದಲ್ಲಿದ್ದ ಒಂದು ಹರಳು ಹೆಕ್ಕಿ ಹೊರಗೆ ಎಸೆದಳು. “ನೀ ಹ್ಯಾಂಗೂ ನನ್ನಾಕಿ. ಮಾತಾಡಸದಿದ್ರೂ ಬೆಳೀತಿ ಅಂದ್ಕೊಂಡೆ.”

ಅದರಲ್ಲಿ ಸುಳ್ಳಿರಲಿಲ್ಲ. ಅವಳ ದಣಿವು ಖರೆ, ನಂಬಿಕೆಯೂ ಖರೆ. ಆದರೂ ನನಗೆ ಸಮಾಧಾನವಾಗಲಿಲ್ಲ, ಆಗಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಈಗ ಊರಿನ ತಾಯಂದಿರಿಗೆ, ಮಕ್ಕಳ ಕೂಡ ಮಾತಾಡಿರಿ ಎಂದು ಮನೆಮನೆಗೆ ಹೋಗಿ ಹೇಳುವುದು ನನ್ನ ಕೆಲಸ. ಹೊಲದಿಂದ ಬಂದು ಒಲೆ ಹೊತ್ತಿಸುತ್ತಿದ್ದ ಒಬ್ಬಳು, ಯಾವಾಗ ಮಾತಾಡ್ಲಿ ನೀವ ಹೇಳ್ರಿ, ಎಂದಳು. ನಾನು ಅವಳ ಕೂಸಿನ ಹೆಸರು ಬರೆದುಕೊಂಡು ಮುಂದಿನ ಮನೆಗೆ ನಡೆದೆ.

ಮೊನ್ನೆ ಮಧ್ಯಾಹ್ನ ಅವ್ವ ತಾನಾಗಿಯೇ ನನ್ನ ಪಕ್ಕ ಬಂದು ಕೂತು, ಗುಡ್ಡದಲ್ಲಿ ಒಮ್ಮೆ ಏನಾಯಿತೆಂದರೆ ಎಂದು ಶುರು ಮಾಡಿದಳು. ಸ್ವಲ್ಪ ಕೇಳಿದೆ. ನಂತರ, ಹೊರಗೆ ಬಟ್ಟೆ ಒಣಗಿವೆ ಎಂದು ಎದ್ದುಬಿಟ್ಟೆ. ಒಂದೊಂದೇ ಮಡಚಿ ತಡಮಾಡಿ ಒಳಗೆ ಬಂದಾಗ ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಆ ಕತೆ ಮುಂದೇನಾಯಿತು ಎಂದು ನಾನು ಇನ್ನೂ ಕೇಳಿಲ್ಲ.