ತಲೆ ಬಾಚದೆ ತೆಗೆದ ಚಿತ್ರಗಳು

ಆ ಭಾನುವಾರ ಡೆಟ್ರಾಯಿಟಿನ ಮ್ಯೂಸಿಯಮ್ಮಿಗೆ ಹೊರಡುವಾಗ ನಾನು ಎರಡು ಸಲ ತಲೆ ಬಾಚಿಕೊಂಡೆ, ಏಕೆಂದರೆ ನನ್ನ ಗಂಡನ ಕೈಯಲ್ಲಿ ಕ್ಯಾಮೆರಾ ಇತ್ತು. ಮೈಸೂರಿಗೆ ಕಳಿಸುವ ಫೋಟೋದಲ್ಲಿ ಹಿಂದೆ ಮನೆ, ಪಕ್ಕದಲ್ಲಿ ಕಾರು, ಎದುರಿಗೆ ನಗು ಇರಲೇಬೇಕೆಂಬುದು ವೆಸ್ಟ್ ಬ್ಲೂಮ್‌ಫೀಲ್ಡಿನ ನಮ್ಮ ಮನೆಯಲ್ಲಿ ನಾನೇ ಹೊರಡಿಸಿದ ಶಾಸನ. ಯಾರಾದರೂ ಕಣ್ಣು ಮುಚ್ಚಿದರೆ ಮತ್ತೊಂದು ತೆಗೆಯಬೇಕು.

ಮ್ಯೂಸಿಯಮ್ಮಿನಲ್ಲಿದ್ದುದು ನೂರು ವರ್ಷಕ್ಕೂ ಹಿಂದಿನ ಕೊಳೆಗೇರಿಗಳ ಚಿತ್ರಗಳು. ಕಿಟಕಿಯಿಲ್ಲದ ಕೋಣೆಗಳಿಗೆ ಒಬ್ಬ ಫೋಟೋಗ್ರಾಫರ್ ನುಗ್ಗಿ, ಮದ್ದಿನ ಪುಡಿಯನ್ನು ಭಗ್ಗನೆ ಉರಿಸಿ, ಆ ಒಂದು ಕ್ಷಣದ ಬೆಳಕಿನಲ್ಲಿ ಹಿಡಿದ ಮುಖಗಳು. ಒಂದೇ ಹಾಸಿಗೆಯಲ್ಲಿ ಐವರು, ಎಲ್ಲರ ಕಣ್ಣಲ್ಲೂ ಗಾಬರಿ. ಉಳ್ಳವರು ಪಕ್ಕದ ಬೀದಿಯನ್ನು ಮೊದಲ ಸಲ ಕಂಡದ್ದು ಇಂಥ ಚಿತ್ರಗಳಲ್ಲಂತೆ. ಆಮೇಲೆ ಕಾನೂನು ಬಂತು, ಕಿಟಕಿ ಬಂತು.

"ಪಾಪ, ಅವರನ್ನ ಕೇಳಿ ತೆಗೆದ್ರೋ ಇಲ್ವೋ?" ಎಂದೆ.

"ಕೇಳಿದ್ರೆ ನಿನ್ನ ಥರ ತಲೆ ಬಾಚ್ಕೊಂಡ್ ಬಂದ್ಬಿಡೋರು. ಆಮೇಲೆ ಯಾರು ನಂಬ್ತಿದ್ರು?" ಎಂದು ನನ್ನವರು ನಕ್ಕರು.

ಮರುದಿನ ಕಾರು ಕಂಪನಿಯಲ್ಲಿ ಅವರ ಕೆಲಸ ಹೋಯಿತು. ಮಧ್ಯಾಹ್ನವೇ ರಟ್ಟಿನ ಪೆಟ್ಟಿಗೆಯೊಡನೆ ಮನೆಗೆ ಬಂದರು.

ನಮ್ಮದನ್ನು ಆ ಬಡತನಕ್ಕೆ ಹೋಲಿಸಿದರೆ ನಾಚಿಕೆಯಾಗಬೇಕು. ನಮಗೆ ಕಿಟಕಿಗಳು ಬೇಕಾದಷ್ಟಿದ್ದವು. ನಾನು ಪರದೆ ಎಳೆದೆ, ಅಷ್ಟೇ. ಯುಗಾದಿ ಊಟದಲ್ಲಿ ಯಾರೋ ಕೇಳಿದ್ದಕ್ಕೆ, "ಪ್ರಾಜೆಕ್ಟ್ ಚೇಂಜ್ ಆಗಿದೆ, ಸದ್ಯ ಮನೆಯಿಂದಲೇ" ಎಂದೆ. ಅವರು ತಟ್ಟೆಯ ಹೋಳಿಗೆ ಮುರಿಯತೊಡಗಿದರು.

ಗಡ್ಡ ಬೋಳಿಸದೆ, ಮಂಡಿ ಸವೆದ ಪೈಜಾಮದಲ್ಲಿ, ಅಡುಗೆಮನೆಯ ಮೇಜಿನ ಮುಂದೆ ಅವರು ಅರ್ಜಿ ಟೈಪ್ ಮಾಡುತ್ತಿದ್ದ ಒಂದು ಬೆಳಿಗ್ಗೆ, ಹೈಸ್ಕೂಲಿನಲ್ಲಿದ್ದ ಮಗಳು ಕ್ಯಾಮೆರಾ ಎತ್ತಿದಳು.

"ಈಗ ಬೇಡ ಕಣೇ. ಕೆಲಸ ಸಿಗ್ಲಿ, ಸೂಟ್ ಹಾಕ್ಕೊಂಡು ನಿಲ್ತಾರೆ," ಎಂದೆ.

"ಅಮ್ಮಾ, ಇಟ್ಸ್ ಜಸ್ಟ್ ಡ್ಯಾಡ್."

"ಬೇಡ ಅಂದ್ನಲ್ಲ!"

"ಬಿಡು ಪುಟ್ಟಿ," ಎಂದರು ಅವರು, ತಲೆಯೆತ್ತದೆ. "ನಿಮ್ಮಮ್ಮನ ಸೆನ್ಸಾರ್‌ನಲ್ಲಿ ನಾನು ಪಾಸಾಗಲ್ಲ."

ಸೂಟಿನ ದಿನ ಬರಲಿಲ್ಲ. ಹದಿನಾಲ್ಕನೆಯ ತಿಂಗಳು ಎದೆನೋವೆಂದು ಆಸ್ಪತ್ರೆಗೆ ಹೋದವರು ಹಿಂತಿರುಗಲಿಲ್ಲ.

ಹಾರ ಹಾಕಲು ಫೋಟೋ ಹುಡುಕಿದರೆ ಸಿಕ್ಕವೆಲ್ಲ ಕಾರಿನ ಪಕ್ಕ ನಿಂತವು. ಆ ನಗುವವರೂ ನನ್ನವರೇ. ಆದರೆ ಮನೆಯಲ್ಲೇ ಉಳಿದು ನನಗಿಂತ ಚೆನ್ನಾಗಿ ಉಪ್ಪಿಟ್ಟು ಮಾಡಲು ಕಲಿತವರು, ದಿನದಿನಕ್ಕೆ ಮಾತು ಕಡಿಮೆಯಾದವರು, ಮಗಳ ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದವರು ಅವುಗಳಲ್ಲಿ ಎಲ್ಲಿಯೂ ಇಲ್ಲ. ಪುಡಿ ಉರಿಸಿದಾತನನ್ನು ಅಂದು ಒರಟನೆಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಹೆಸರು ಉಳಿಯದ ಆ ಐವರ ಮುಖವಾದರೂ ಉಳಿದಿದೆ. ನನ್ನ ಮನೆಯವರದನ್ನು, ಮರ್ಯಾದೆ ಉಳಿಸುತ್ತಿದ್ದೇನೆಂದುಕೊಂಡು, ನಾನೇ ಅಳಿಸಿದೆ.

ಆ ಹದಿನಾಲ್ಕು ತಿಂಗಳಲ್ಲಿ ತೆಗೆದ ಅವರ ಒಂದು ಫೋಟೋವೂ ನಮ್ಮ ಮನೆಯಲ್ಲಿಲ್ಲ.