ಮೊಟ್ಟೆ ಸಿಪ್ಪೆ ಹಿಡಿದು ನಕ್ಕ ದಿನ

ತಾಳಿ ಮಕ್ಕಳೇ, ಎದ್ದು ಹೋಗಬೇಡಿ. ಮೂಗು ಮುಚ್ಚಿಕೊಳ್ಳುವಂಥ ಒಂದು ಫೋಟೋದ ಕಥೆ ಇದೆ, ಅದು ಬರೋವರೆಗೂ ಕೂತಿರಿ. ನಾನೇನು ತಾತನಲ್ಲ, ಇನ್ನೂ ಪಿಯುಸಿ. ಆದರೂ ತಾತನ ಹಾಗೇ ಶುರು ಮಾಡುತ್ತೇನೆ.

ನಾನು ಚಿಕ್ಕವನಿದ್ದಾಗ, ಅಂದರೆ ಐದನೇ ತರಗತಿಯಲ್ಲಿದ್ದಾಗ, ಅಮ್ಮ ಹದಡಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದಳು. ನಾನೂ ಅಲ್ಲೇ ಓದುತ್ತಿದ್ದೆ. ನಮ್ಮ ಮನೆಯಿದ್ದ ಸರಸ್ವತಿ ನಗರದಿಂದ ದಿನಾ ಇಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅವತ್ತು ಇನ್ನೊಬ್ಬ ಟೀಚರ್ ಮನೆ ಮನೆ ಸರ್ವೆಗೆ ಹೋಗಿದ್ದರಿಂದ ಐದೂ ತರಗತಿಗೆ ಅಮ್ಮ ಒಬ್ಬಳೇ.

ಮೂರನೇ ತರಗತಿಯ ಒಬ್ಬಳನ್ನು ಎಲ್ಲರೂ ಪುಟ್ಟಿ ಅನ್ನುತ್ತಿದ್ದೆವು. ಒತ್ತಕ್ಷರ ಬಂದರೆ ಅವಳ ಬಾಯಿ ಕಟ್ಟುತ್ತಿತ್ತು. ಅಮ್ಮ ಎಷ್ಟೋ ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದಳು. ಅವಳ ಮನೆಯವರು ಹರಿಹರಕ್ಕೆ ಹೊರಟಿದ್ದರು, ಅವತ್ತೇ ಅವಳ ಕೊನೆಯ ದಿನ.

"ಮಿಸ್, ಇವತ್ತು ಒಂದು ಪುಟ ಪೂರ್ತಿ ಓದ್ತೀನ್ರಿ, ಎಲ್ಲೂ ತಡಿಯಂಗಿಲ್ಲ."

"ಓದವ್ವ, ಕೇಳೇ ಕಳಿಸ್ತೀನಿ."

ಅಮ್ಮ ಹಾಜರಿ ಫೋನಿಗೆ ಹಾಕಿದಳು, ಎಲ್ಲರ ಶೂ ಅಳತೆ ಬರೆದಳು, ಶೌಚಾಲಯದ ಫೋಟೋ ಕಳಿಸಿದಳು. ಪುಟ್ಟಿ ಮೊದಲ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದಳು. ಮಧ್ಯಾಹ್ನ ಬಿಸಿಯೂಟದ ಮೊಟ್ಟೆ ಹಿಡಿದು, ಕೊಟ್ಟಿದ್ದಕ್ಕೆ ಸಾಕ್ಷಿಯಾಗಿ ಫೋಟೋ ತೆಗೆಸಿಕೊಂಡು ತಿಂದೆವು. ಆಮೇಲೆ ಮೇಲಿನ ಅಧಿಕಾರಿಯ ಫೋನ್ ಬಂತು.

"ಫೋಟೋ ಮಸುಕಾಗೈತೆ ಮೇಡಂ. ಇನ್ನೊಂದು ಹಾಕ್ರಿ."

"ತಿಂದ್ಬಿಟ್ರಲ್ಲ ಸರ್!"

"ಅದೆಲ್ಲ ಗೊತ್ತಿಲ್ಲ. ನಂಗೂ ಮೇಲಿಂದ ಕೇಳ್ತಾರೆ."

ಅಮ್ಮ ಎಂಜಲು ಬಕೆಟ್ಟಿಗೆ ಕೈ ಹಾಕಿದಳು. ಹುಳಿ ವಾಸನೆಯ ಸಾಂಬಾರು, ನೆನೆದ ಅನ್ನ, ಅದರ ಮೇಲೆ ಇರುವೆ. ದೊಡ್ಡ ದೊಡ್ಡ ಸಿಪ್ಪೆ ಆರಿಸಿ, ನೀರಲ್ಲಿ ಅದ್ದಿ, ಬಿಳಿ ಮಾತ್ರ ಕಾಣುವ ಹಾಗೆ ನಮ್ಮ ಮುಷ್ಟಿಗಳಲ್ಲಿ ಇಟ್ಟಳು. ನನ್ನ ಸಿಪ್ಪೆಯಿಂದ ಲೋಳೆ ಮೊಣಕೈವರೆಗೂ ಇಳಿಯಿತು.

"ನಗ್ರಿ ಎಲ್ಲ."

"ಮಿಸ್, ವಾಂತಿ ಬರ್ತೈತ್ರಿ," ಅಂದ ಹಿಂದಿನ ಸಾಲಿನ ಹುಡುಗ.

"ನಕ್ಕಾದ್ಮೇಲೆ ಮಾಡಪ್ಪ."

ನಕ್ಕೆವು. ಫೋಟೋ ಹೋಗಲಿಲ್ಲ. ಅಮ್ಮ ನೀರಿನ ತೊಟ್ಟಿಯ ಕಟ್ಟೆ ಹತ್ತಿ, ಸಿಗ್ನಲ್‌ಗಾಗಿ ಫೋನ್ ಎತ್ತಿ ಹಿಡಿದು ಬಿಸಿಲಲ್ಲಿ ನಿಂತಳು. ಕೊನೆಗೆ ಫೋಟೋ ಹೋಗುವಷ್ಟರಲ್ಲಿ ಶಾಲೆ ಬಿಡುವ ಗಂಟೆ ಹೊಡೆಯಿತು. ಪುಟ್ಟಿಯ ಅಪ್ಪ ಬೈಕ್ ತಂದು ನಿಲ್ಲಿಸಿದರು.

"ಈಗ ಓದ್ಲೇನ್ರಿ ಮಿಸ್?"

ಪುಟ್ಟಿ ಎರಡು ಸಾಲು ಓದಿದಳು. ಎರಡೂ ಸರಿಯಾಗಿ. ಮತ್ತೆ ಫೋನ್ ಬಂತು. ಫೋಟೋದಲ್ಲಿನ ಮಕ್ಕಳ ಲೆಕ್ಕ ಹಾಜರಿಗೆ ಹೊಂದುತ್ತಿಲ್ಲವಂತೆ. ಅಮ್ಮ ಫೋನ್ ಕಿವಿಗಿಟ್ಟು, ಪುಟ್ಟಿಗೆ ಒಂದು ಬೆರಳು ತೋರಿಸಿ, ತಡಿ ಅನ್ನುವ ಹಾಗೆ ಸನ್ನೆ ಮಾಡಿದಳು.

"ಟೆಂಪೋದಾಗ ಸಾಮಾನು ತುಂಬೈತ್ರಿ ಟೀಚರ್, ಹೊತ್ತಾತು," ಅಂದರು ಅವಳ ಅಪ್ಪ.

ಬೈಕ್ ಹೊರಟಿತು. ಪುಟ್ಟಿ ನಮ್ಮ ಕಡೆ ಮುಖ ಮಾಡಿ ಹಿಂದುಮುಂದಾಗಿ ಕೂತು, ಪುಸ್ತಕ ಬಿಚ್ಚಿಕೊಂಡು ಓದುತ್ತಲೇ ಇದ್ದಳು. ತುಟಿ ಆಡುವುದು ಕಂಡಿತು. ಕೇಳಿಸಿದ್ದು ಬೈಕಿನ ಸದ್ದು ಮಾತ್ರ.

ಬಸ್ಸಿನಲ್ಲಿ ಅಮ್ಮ ಮತ್ತೆ ಮತ್ತೆ ಬೆರಳು ಮೂಸಿ ನೋಡಿದಳು. "ಸೋಪು ಹಚ್ಚಿ ತೊಳ್ದೆ ಕಣೋ. ವಾಸನೆ ಹೋಗವಲ್ದು." ನನಗೆ ಅಸಹ್ಯವಾದದ್ದು ಆ ವಾಸನೆಯಲ್ಲ, ನಮ್ಮ ನಗು. ಅದು ಫೋಟೋದಲ್ಲಿ ಎಷ್ಟು ಚೆನ್ನಾಗಿ ಬಂದಿತ್ತು!

ಈಗ ಅಕ್ಕನ ಮಗಳು ನಿಜಲಿಂಗಪ್ಪ ಬಡಾವಣೆಯಲ್ಲಿರುತ್ತಾಳೆ. ಅವಳ ಶಾಲೆಗೆ ಬಣ್ಣ ಬಳಿದ ಗೋಡೆ, ದೊಡ್ಡ ಟಿವಿ, ಒಳ್ಳೆ ಸಿಗ್ನಲ್. ಮೊನ್ನೆ ಪುಸ್ತಕ ಹಿಡಿದು ನಗುತ್ತಿರುವ ತನ್ನ ಫೋಟೋ ತೋರಿಸಿದಳು.

"ಯಾವ ಪಾಠ ಓದಿದ್ರಿ?" ಅಂದೆ.

"ಪುಸ್ತಕ ತೆರೀಲೇ ಇಲ್ಲ ಮಾಮ. ಮಿಸ್‌ಗೆ ಇನ್ನೂ ನಾಲ್ಕು ಕ್ಲಾಸಿನ ಫೋಟೋ ಇತ್ತು."

ನಿಮ್ಮ ಟೀಚರ್ ನೀವು ಓದಿದ್ದನ್ನು ಪೂರ್ತಿ ಒಂದು ಪುಟ ಕೇಳಿದ್ದು ಯಾವಾಗ? ಬರೆದು ತಿಳಿಸಿ. ಹರಿಹರದಲ್ಲಿ ಪುಟ್ಟಿಯೇನಾದರೂ ಇದನ್ನು ಓದಿದರೆ ನೀನೂ ಬರಿಯಮ್ಮ. ಮೂರನೇ ಸಾಲಿನಿಂದ ಮುಂದೆ ಅಮ್ಮ ಇನ್ನೂ ಕೇಳಿಲ್ಲ.